ಯಾವ ಆಯ್ತು?

ನಮ್ಮ ಮನೆಯಲ್ಲಿ ಯಾರಾದರೂ "ಆಯ್ತು" ಎಂದರೆ ನಾನು ಕೂಡಲೇ "ಯಾವ ಆಯ್ತು?" ಎಂದು ಕೇಳುತ್ತೇನೆ. ಗ್ಯಾಸ್ ಬಂದ್ ಮಾಡಿ ಎಂದು ಅಡುಗೆಮನೆಯ ಕಡೆಗೆ ಕೂಗಿದಾಗ ನಮ್ಮವರು "ಆಯ್ತು" ಎನ್ನುತ್ತಾರೆ. ಅದು ಕೇಳಿಸಿತು ಎಂಬ ಆಯ್ತೋ, ಬಂದ್ ಮಾಡಿದೆ ಎಂಬ ಆಯ್ತೋ? ಎದ್ದು ಹೋಗಿ ಕಣ್ಣಾರೆ ನೋಡುವವರೆಗೆ ನನಗೆ ಸಮಾಧಾನವಿಲ್ಲ.

"ರಿಟೈರ್ ಆದ ಮೇಲೂ ಈ ವೈರ್‌ಲೆಸ್ ಬಿಡ್ಲಿಲ್ಲ ನೀನು" ಎಂದು ಅವರು ನಗುತ್ತಾರೆ.

ಬಿಡುವ ಹಾಗಿಲ್ಲ. ಆ ಒಂದು ಶಬ್ದ ಒಬ್ಬ ಮನುಷ್ಯನನ್ನು ಏರುವ ಹೊಳೆಯಲ್ಲಿ ನಿಲ್ಲಿಸಿದ್ದನ್ನು ನಾನು ಕಂಬದ ಮೇಲಿನಿಂದ ಕಂಡವಳು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಪೆಟ್ಟಿಗೆ, ತಂತಿ, ಆಂಟೆನಾಗಳ ಬಗ್ಗೆ ಕಾಲೇಜಿನಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಅದರಲ್ಲಿ ಸೇರದೆ ಉಳಿದದ್ದನ್ನು ಬರೆದಿಡುವ ಎಂದು ಕುಳಿತಿದ್ದೇನೆ. ಕಂಡದ್ದನ್ನು ಕಂಡದ್ದು ಎಂದೂ ಕೇಳಿದ್ದನ್ನು ಕೇಳಿದ್ದು ಎಂದೂ ಬೇರೆ ಬೇರೆಯಾಗಿ ಹೇಳುತ್ತೇನೆ. ನಮ್ಮ ಕೆಲಸವೇ ಅದಾಗಿತ್ತು.

ನಾನು ಪುತ್ತೂರಿನ ಒಂದು ಕಚೇರಿಯಲ್ಲಿ ವೈರ್‌ಲೆಸ್ ಟೆಕ್ನಿಶಿಯನ್ ಆಗಿದ್ದೆ. ಕಚೇರಿಯ ಹೆಸರು ಬೇಡ. ಕೆಲಸವನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಬಹುದು: ಮೇಲೆ ಹೊಳೆ ಏರಿದರೆ, ಆ ನೀರು ಕೆಳಗೆ ಮುಟ್ಟುವ ಮೊದಲು ಸುದ್ದಿ ಮುಟ್ಟಬೇಕು.

ಮೇಲೆ ಎಂದರೆ ಕೊಲ್ಲಮೊಗ್ರುವಿನ ಆಚೆ, ಕಾಡಿನ ಅಂಚು. ಅಲ್ಲಿ ಹೊಳೆಯ ದಂಡೆಯಲ್ಲಿ ನಮ್ಮದೊಂದು ಶೆಡ್ಡು, ನೀರಿನ ಮಟ್ಟ ಅಳೆಯುವ ಒಂದು ಪಟ್ಟಿ, ಒಂದು ವೈರ್‌ಲೆಸ್ ಸೆಟ್ಟು ಮತ್ತು ಕುಶಾಲಪ್ಪ ಗೌಡರು. ಕೆಳಗೆ ಎಂದರೆ ಕಡಬದ ಕಡೆಯ ಒಂದು ಕಿಂಡಿ ಅಣೆಕಟ್ಟು. ಆಗ ಕಡಬ ಇನ್ನೂ ತಾಲೂಕಾಗಿರಲಿಲ್ಲ. ಮಳೆ ನಿಂತ ಮೇಲೆ ಅಣೆಕಟ್ಟಿನ ಕಿಂಡಿಗಳಿಗೆ ಮರದ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮೊದಲು ಆ ಹಲಗೆಗಳನ್ನು ಮೇಲೆತ್ತಬೇಕು. ಎತ್ತಲು ಜನ ಹೊಳೆಗೆ ಇಳಿಯಲೇಬೇಕು. ಅದು ಮೇ ತಿಂಗಳ ಕೊನೆ. ಅಣೆಕಟ್ಟಿನಲ್ಲಿ ತಲೆ ಸುಡುವ ಬಿಸಿಲಿರುತ್ತದೆ. ಘಟ್ಟದ ಬುಡದಲ್ಲಿ ಮಳೆ ಹೊಡೆದಿರುತ್ತದೆ. ಬಿಸಿಲಲ್ಲಿ ನಿಂತವನಿಗೆ ನೀರು ಬರುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಕೆಳಗಿನ ಸೆಟ್ಟಿನಲ್ಲಿ ಕೂರುತ್ತಿದ್ದವರು ವಾಮನಣ್ಣ. ಹಲಗೆ ಎತ್ತುವವರ ಮೇಸ್ತ್ರಿ ಬಾಬಣ್ಣ. ಪುತ್ತೂರಿನಲ್ಲಿ ಎಲ್ಲರ ಮೇಲೆ ಹೆಬ್ಬಾರ್ ಸರ್.

ಹೆಬ್ಬಾರ್ ಸರ್ ಬಹಳ ತಿಳಿದವರು. ತಪ್ಪು ಮಾಡಿದರೆ ಅದನ್ನೂ ತಿಳಿದೇ ಮಾಡಿದವರ ಹಾಗೆ ಕಾಣುತ್ತಿದ್ದರು. ಕೊಲ್ಲಮೊಗ್ರುವಿಗೂ ಅಣೆಕಟ್ಟಿಗೂ ನಡುವೆ ಗುಡ್ಡ ಅಡ್ಡವಿತ್ತು. ನೇರ ಗುರಿ ಇಟ್ಟರೆ ಬರೀ ಗೊರಗೊರ. ಅವರು ಒಂದು ದಿನ ಅಣೆಕಟ್ಟಿನ ಆಂಟೆನಾವನ್ನು ಪಕ್ಕದ ಬರಿ ಕಲ್ಲಿನ ಗುಡ್ಡದ ಕಡೆ ತಿರುಗಿಸಿದರು. ನಮ್ಮ ಆಂಟೆನಾ ದೊಡ್ಡ ಮೀನಿನ ಮುಳ್ಳಿನ ಹಾಗೆ. ಮೂತಿ ಯಾವ ಕಡೆಗೋ ಆ ಕಡೆಯದ್ದು ಮಾತ್ರ ಅದಕ್ಕೆ ಚೆನ್ನಾಗಿ ಕೇಳುತ್ತದೆ. ಬಾಬಣ್ಣ ಬೀಡಿ ಹಚ್ಚಿಕೊಂಡು ನೋಡುತ್ತಾ ನಿಂತಿದ್ದರು.

"ಸರ್, ಕೊಲ್ಲಮೊಗ್ರು ಆ ಕಡೆ. ನೀವು ತಿರುಗಿಸಿದ್ದು ಈ ಕಡೆ."

"ಗೊತ್ತುಂಟು ಬಾಬು. ನೀನು ಆಚೆ ಗುಡ್ಡೆಯವನನ್ನು ಕರೀಬೇಕಾದ್ರೆ ಎಲ್ಲಿಗೆ ಮುಖ ಮಾಡಿ ಕೂ ಹಾಕ್ತಿ?"

ಬಾಬಣ್ಣ ಸ್ವಲ್ಪ ಯೋಚಿಸಿ, "ಎದುರಿನ ಪಾದೆಗೆ" ಎಂದರು. ಪಾದೆ ಎಂದರೆ ಬರಿ ಬಂಡೆ. ಕೂಗು ಅದಕ್ಕೆ ಬಡಿದು ಆಚೆಗೆ ಹೋಗುತ್ತದೆ. ಕುಶಾಲಪ್ಪನವರ ಮಾತೂ ಅದೇ ದಾರಿಯಲ್ಲಿ ಬಂತು. ಅಂದಿನಿಂದ ನಮ್ಮ ಸುದ್ದಿ ಬಂಡೆಗೆ ಬಡಿದು ಬರುತ್ತಿತ್ತು.

ಆಮೇಲೊಂದು ದಿನ ಏನೂ ಕೇಳದಾಯಿತು. ಸೆಟ್ಟು ಸರಿ, ಬ್ಯಾಟರಿ ಸರಿ, ತಂತಿ ಸರಿ. ನಾನು ಅಣೆಕಟ್ಟಿಗೆ ಹೋಗಿ ತಲೆಯೆತ್ತಿ ನೋಡಿದರೆ ಆಂಟೆನಾದ ಮೂತಿ ಇದ್ದಲ್ಲೇ ಇದೆ. ಆದರೆ ನೆಟ್ಟಗೆ ನಿಂತಿರಬೇಕಾದ ಅದರ ಕಡ್ಡಿಗಳೆಲ್ಲ ಅಡ್ಡ ಮಲಗಿವೆ.

"ವಾಮನಣ್ಣ, ಇದನ್ನು ಯಾರು ತಿರುಗಿಸಿದ್ದು?"

"ನಾನೇ. ಊರಿಡೀ ಟೀವಿ ಆಂಟೆನಾ ಮಲಗಿದ್ದು ಉಂಟು. ನಮ್ಮದು ಒಂದು ಮಾತ್ರ ನಿಂತದ್ದು. ಗಾಳಿಗೆ ಹಾಗೆ ಆಯಿತೋ ಎಂತದೋ ಅಂತ ಸರಿ ಮಾಡಿದೆ."

ಒಂದು ತುದಿಯ ಕಡ್ಡಿ ನಿಂತಿದ್ದರೆ ಇನ್ನೊಂದು ತುದಿಯದ್ದೂ ನಿಂತಿರಬೇಕು. ಇಲ್ಲದಿದ್ದರೆ ಬಂದ ಮಾತಿನಲ್ಲಿ ಬಹುಪಾಲು ನಷ್ಟ. ಹೆಬ್ಬಾರ್ ಸರ್ ಇದನ್ನು ವಾಮನಣ್ಣನಿಗೆ ಹೇಳಿಕೊಟ್ಟ ಕ್ರಮ ಹೀಗೆ: "ಅಲ್ಲ ಮಾರಾಯ, ಅಲ್ಲಿ ಕುಶಾಲಪ್ಪ ನಿಂತು ಮಾತಾಡುದು, ಇಲ್ಲಿ ನೀನು ಮಲಗಿ ಕೇಳುದು. ಅವನಿಗೆ ಮರ್ಯಾದೆ ಬೇಡವಾ?" ವಾಮನಣ್ಣ ಮತ್ತೆ ಯಾವತ್ತೂ ಅದನ್ನು ಮುಟ್ಟಲಿಲ್ಲ.

ಇನ್ನೊಂದು ಸಲದ ತೊಂದರೆ ಮೇಲಿನ ತುದಿಯದ್ದು. ಅದು ಒಂದೇ ದಿನ ಕೆಟ್ಟದ್ದಲ್ಲ. ಮಳೆಗಾಲ ಏರಿದ ಹಾಗೆ ಕುಶಾಲಪ್ಪನವರ ಮಾತು ಇಳಿಯುತ್ತಾ ಬಂತು. ಮಳೆ ಬಿಟ್ಟ ದಿನ ಕೇಳುತ್ತದೆ, ಮಳೆ ಬಂದ ದಿನ ಕೇಳುವುದಿಲ್ಲ. ಮಳೆಯ ಸುದ್ದಿ ಹೇಳಲೆಂದೇ ಇರುವ ಸೆಟ್ಟು ಅದು. ಹೆಬ್ಬಾರ್ ಸರ್ ಬ್ಯಾಟರಿ ಬದಲಿಸಿದರು, ತಂತಿ ಬದಲಿಸಿದರು, ಕೊನೆಗೆ ಸೆಟ್ಟನ್ನೇ ಬದಲಿಸಿದರು. ಆಮೇಲೆ ನನ್ನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟರು.

ಶೆಡ್ಡಿನ ಹತ್ತಿರ ಇಳಿದರೆ ಕಂಬವೇ ಕಾಣಲಿಲ್ಲ. ಅದು ಹಳೆಯ ಮರದ ಕಂಬ. ಬುಡದಿಂದ ಆಂಟೆನಾದವರೆಗೆ ದಟ್ಟವಾಗಿ ಕಾಳುಮೆಣಸಿನ ಬಳ್ಳಿ. ಎಲೆ ಎಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಎಲೆಗಳ ನಡುವೆ ಆಂಟೆನಾ, ಕಂಬಳಿ ಹೊದ್ದು ಕುಳಿತವರ ಹಾಗೆ.

"ಕುಶಾಲಪ್ಪ, ಇದು ಎಂತ?"

"ಒಳ್ಳೆಮೆಣಸು ಸರ್."

"ಅದು ನನಗೂ ಕಾಣ್ತದೆ. ನಮ್ಮ ಕಂಬಕ್ಕೆ ಯಾಕೆ?"

"ಅಷ್ಟು ಒಳ್ಳೆ ಕಂಬ ಸುಮ್ಮನೆ ನಿಂತದ್ದು ನೋಡಿ ಮನಸ್ಸು ಕೇಳ್ಲಿಲ್ಲ ಸರ್. ಒಂದು ಬಳ್ಳಿ ನೆಟ್ಟದ್ದು ಅಷ್ಟೆ. ಹತ್ತಿದ್ದು ಅದರಷ್ಟಕ್ಕೆ ಅದೇ."

ನಮ್ಮ ಕಡೆಯ ಕೃಷಿಕನಿಗೆ ನೆಟ್ಟಗೆ ನಿಂತ ಯಾವುದನ್ನು ಕಂಡರೂ ಹೀಗೆ. ಮಾತನಾಡದೆ ನಿಂತರೆ ನಮ್ಮ ಬುಡಕ್ಕೂ ಒಂದು ಬಳ್ಳಿ ಇಡುತ್ತಾರೋ ಎಂದು ನನಗೆ ಅನ್ನಿಸಿದ್ದಿದೆ. ಕತ್ತರಿಸಿ ಎಂದು ಹೇಳಲು ಸರ್ ಬಾಯಿ ತೆರೆದರು. ಬಳ್ಳಿ ತುಂಬ ಎಳೆ ಮೆಣಸು ಹಿಡಿದಿತ್ತು. ಕುಶಾಲಪ್ಪನವರು ಮೆಣಸಿನ ಕಡೆ ಒಮ್ಮೆ, ಸಾಹೇಬರ ಕಡೆ ಒಮ್ಮೆ ನೋಡಿದರು. ಸರ್ ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತು ಕೊಡೆ ಹಿಡಿದು ಅತ್ತಿತ್ತ ನಡೆದು, ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಕಂಬ ನಿಲ್ಲಿಸಿ ಎರಡನೇ ಆಂಟೆನಾ ಕಟ್ಟಲು ಹೇಳಿದರು. ಈ ಸಲ ಕಬ್ಬಿಣದ ಪೈಪು.

ಮೆಣಸು ಕೊಯ್ದ ಮೇಲೆ ಬಳ್ಳಿಯ ತುದಿ ಕತ್ತರಿಸಿ ಹಳೆಯ ಆಂಟೆನಾವನ್ನು ಬಿಡಿಸಿದೆವು. ಆಮೇಲೂ ಎರಡನೆಯದನ್ನು ತೆಗೆಯಲಿಲ್ಲ. ಯಾಕೆಂದರೆ ಆಗ ಒಂದು ಸಂಗತಿ ಗಮನಕ್ಕೆ ಬಂದಿತ್ತು. ಒಂದರಲ್ಲಿ ಮಾತು ಮಸುಕಾದ ಗಳಿಗೆಯಲ್ಲಿ ಇನ್ನೊಂದರಲ್ಲಿ ಸ್ಪಷ್ಟ. ಸ್ವಲ್ಪ ಹೊತ್ತಿಗೆ ಇದು ಮಸುಕು, ಅದು ಸ್ಪಷ್ಟ. ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ. ಮೊಬೈಲ್ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಲ್ಲಮೊಗ್ರುವಿನ ಕಡೆ ಮನೆಗೊಂದು ರೇಂಜಿನ ಕಲ್ಲು ಉಂಟು. ಅಂಗಳದಲ್ಲಿ ರೇಂಜ್ ಇಲ್ಲ, ಕಲ್ಲಿನ ಮೇಲೆ ನಿಂತರೆ ಉಂಟು, ಕಲ್ಲಿನ ಮೇಲೆಯೇ ಅರ್ಧ ಹೆಜ್ಜೆ ಸರಿದರೆ ಮತ್ತೆ ಇಲ್ಲ. ಬಂಡೆಗೆ ಬಡಿದದ್ದು, ಮರಕ್ಕೆ ಬಡಿದದ್ದು, ನೀರಿಗೆ ಬಡಿದದ್ದು ಎಲ್ಲ ಬೇರೆ ಬೇರೆ ದಾರಿಯಲ್ಲಿ ಬಂದು ಒಂದು ಜಾಗದಲ್ಲಿ ಕೂಡುತ್ತವೆ, ಇನ್ನೊಂದು ಜಾಗದಲ್ಲಿ ಒಂದನ್ನೊಂದು ಅಳಿಸುತ್ತವೆ. ಮನುಷ್ಯನಾದರೆ ಸರಿದು ನಿಲ್ಲುತ್ತಾನೆ. ಕಂಬ ಸರಿಯುವುದಿಲ್ಲ, ಹಾಗಾಗಿ ಎರಡು ಕಂಬ. ಆ ಮೇಲೆ ಅಣೆಕಟ್ಟಿನಲ್ಲೂ ಎರಡು ಮಾಡಿದೆವು.

ಆಂಟೆನಾ ಎಷ್ಟಿದ್ದರೂ ಕೆಲವು ಮಾತು ದಾರಿಯಲ್ಲಿ ಸಾಯುತ್ತವೆ. ಅದಕ್ಕೆ ಮದ್ದು ಮತ್ತೆ ಹೇಳುವುದು. ಉತ್ತರ ಬರುವವರೆಗೆ ಹೇಳುತ್ತಲೇ ಇರಬೇಕು ಎಂದು ನಮ್ಮಲ್ಲಿ ನಿಯಮ. ನಿಯಮ ಒಳ್ಳೆಯದೇ. ಆದರೆ ಸತ್ತದ್ದು ಸುದ್ದಿಯೋ ಉತ್ತರವೋ ಎಂದು ಹೇಳಿದವನಿಗೆ ತಿಳಿಯುವುದಿಲ್ಲ. ಇದರ ಫಲವನ್ನು ನಾವು ಊಟದ ರೂಪದಲ್ಲಿ ಕಂಡೆವು.

ಒಂದು ವರ್ಷ ಹಲಗೆ ಕೆಲಸಕ್ಕೆ ಹೆಚ್ಚು ಜನ ಬಂದಿದ್ದರು. ವಾಮನಣ್ಣ ಪುತ್ತೂರಿಗೆ, "ಹತ್ತು ಊಟ ಕಳಿಸಿ" ಎಂದರು. ಅಂದು ಪುತ್ತೂರಿನ ಸೆಟ್ಟಿನಲ್ಲಿ ಹೆಬ್ಬಾರ್ ಸರ್ ತಾವೇ ಕುಳಿತಿದ್ದರು. "ಆಯ್ತು" ಎಂದರು. ಆ ಆಯ್ತು ಅಣೆಕಟ್ಟಿಗೆ ಮುಟ್ಟಲಿಲ್ಲ. ವಾಮನಣ್ಣ ನಿಯಮದಂತೆ ಮತ್ತೆ ಹೇಳಿದರು. ಸರ್ ಮತ್ತೆ ಆಯ್ತು ಎಂದರು. ಅದೂ ಮುಟ್ಟಲಿಲ್ಲ. ಮೂರನೆಯದು ಮುಟ್ಟಿತು. ಮಧ್ಯಾಹ್ನ ಜೀಪಿನಲ್ಲಿ ಮೂವತ್ತು ಊಟ ಬಂತು, ಜೊತೆಗೆ ಸಾಹೇಬರೂ ಬಂದರು, ಇಷ್ಟು ಜನ ಎಲ್ಲಿಂದ ಬಂದರು ಎಂದು ನೋಡಲು.

ದಂಡೆಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ ಬಡಿಸಿದೆವು. ಬಾಬಣ್ಣ ಎರಡನೇ ಊಟದ ಪೊಟ್ಟಣ ಬಿಚ್ಚುತ್ತಾ, "ಈ ವೈರ್‌ಲೆಸ್ ಅಡ್ಡಿಲ್ಲ ಮಾರಾಯ್ರೆ. ಹತ್ತು ಹೇಳಿದ್ರೆ ಮೂವತ್ತು ಬರ್ತದೆ. ನಮ್ಮ ರಜೆಯನ್ನೂ ಇದರಲ್ಲೇ ಕೇಳುವ" ಎಂದರು.

ಹೆಬ್ಬಾರ್ ಸರ್ ಕೈ ತೊಳೆದು ಬಂದು, ಇನ್ನು ಪ್ರತಿ ಸುದ್ದಿಗೂ ಒಂದು ನಂಬರು ಎಂದು ಹೇಳಿದರು. ಮತ್ತೆ ಹೇಳುವಾಗ ಅದೇ ನಂಬರು. ಅದೇ ನಂಬರು ಎರಡು ಸಲ ಬಂದರೆ ಉತ್ತರ ಕೊಡಬೇಕು, ಊಟ ಕಳಿಸಬಾರದು. ಈಗಿನ ಪೆಟ್ಟಿಗೆಗಳೂ ಇದನ್ನೇ ಮಾಡುತ್ತವೆ. ಅವು ಇದನ್ನು ಹೇಗೆ ಕಲಿತವೋ ಗೊತ್ತಿಲ್ಲ. ನಾವು ಕಲಿತದ್ದು ಹೀಗೆ.

ಇನ್ನು ಆ ದಿನದ್ದು.

ಮೇ ಕೊನೆ, ಬಿಸಿಲು. ಅಣೆಕಟ್ಟಿನ ಒಂದು ಆಂಟೆನಾದ ತಂತಿ ಸಡಿಲವಾಗಿತ್ತೆಂದು ನಾನು ಕಂಬ ಹತ್ತಿದ್ದೆ. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದೆ. ಕಂಬದ ಬುಡದಲ್ಲಿ ವಾಮನಣ್ಣನ ಕೋಣೆ. ಕಿಟಕಿ ತೆರೆದಿದ್ದರಿಂದ ಸೆಟ್ಟಿನ ಮಾತು ನನಗೆ ಕೇಳುತ್ತಿತ್ತು. ಕೆಳಗೆ ಹೊಳೆಯಲ್ಲಿ ಬಾಬಣ್ಣ ಮತ್ತು ಅವರ ಜನ. ಮಧ್ಯದ ಕಿಂಡಿಯ ಒಂದು ಹಲಗೆ ಕಚ್ಚಿಕೊಂಡಿತ್ತು. ಅದನ್ನು ಹಾರೆಯಿಂದ ಮೀಟುತ್ತಿದ್ದರು.

ಕುಶಾಲಪ್ಪನವರ ದನಿ ಬಂತು. "ಮೂರನೇ ಸುದ್ದಿ. ಮೇಲೆ ಜೋರು ಮಳೆ. ನೀರು ಏರ್ತಾ ಉಂಟು. ಜನರನ್ನು ಮೇಲೆ ಬರ್ಲಿಕ್ಕೆ ಹೇಳಿ."

ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿತು. ಎರಡು ಆಂಟೆನಾ, ನಂಬರು, ಎಲ್ಲವೂ ಸರಿಯಾಗಿತ್ತು. ವಾಮನಣ್ಣ ಹೇಳಿದರು: "ಮೂರು, ಆಯ್ತು."

ಅವರು ಹೇಳಿದ್ದರ ಅರ್ಥ ಕೇಳಿತು ಎಂದು. ಕುಶಾಲಪ್ಪನವರಿಗೆ ಅದು ಜನ ಮೇಲೆ ಬಂದರು ಎಂದು ಕೇಳಿತಂತೆ. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಸಾಮಾನ್ಯವಾಗಿ ಅವರು ಅಂಥ ಸುದ್ದಿಯನ್ನು ಬಿಡದೆ ಹೇಳುತ್ತಲೇ ಇರುತ್ತಿದ್ದರು. ಆಯ್ತು ಎಂದ ಮೇಲೆ ಮತ್ತೆ ಹೇಳುವುದು ಯಾಕೆ? ಕೊಡೆ ಹಿಡಿದು ನೀರಿನ ಮಟ್ಟ ನೋಡಲು ಹೋದರು.

ವಾಮನಣ್ಣ ಹೊರಗೆ ಬಂದು ದಂಡೆಯಿಂದ ಕೂಗಿದರು. "ಬಾಬಣ್ಣ, ನೀರು ಬರ್ತದಂತೆ. ಮೇಲೆ ಬನ್ನಿ."

ಬಾಬಣ್ಣ ತಲೆ ಎತ್ತದೆ, "ಆಯ್ತು" ಎಂದರು.

ಇದು ಮೂರನೇ ಬಗೆಯ ಆಯ್ತು. ಈ ಹಲಗೆ ಒಂದು ಆಗಲಿ, ಆಮೇಲೆ ಬರುತ್ತೇವೆ ಎಂಬ ಆಯ್ತು. ವಾಮನಣ್ಣನಿಗೆ ಅದು ಬಂದೆವು ಎಂದು ಕೇಳಿತು. ಅವರು ಒಳಗೆ ಹೋದರು. ಮೂವರೂ ಹೇಳಬೇಕಾದ್ದನ್ನು ಹೇಳಿದ್ದರು, ಸುದ್ದಿ ಕೊಟ್ಟ ಇಬ್ಬರಿಗೂ ಉತ್ತರ ಸಿಕ್ಕಿತ್ತು. ಜನ ಮಾತ್ರ ಹೊಳೆಯಲ್ಲೇ ಇದ್ದರು.

ನಾನು ತಂತಿ ಬಿಗಿಮಾಡಿ ತಲೆ ಎತ್ತಿದೆ. ಕಂಬದ ಮೇಲಿನಿಂದ ಹೊಳೆಯ ತಿರುವು ಕಾಣುತ್ತದೆ, ದಂಡೆಯಿಂದ ಕಾಣುವುದಿಲ್ಲ. ಮೊದಲು ಕಂಡದ್ದು ನೀರಲ್ಲ. ಒಣ ಎಲೆ, ಕಡ್ಡಿ, ನೊರೆ, ಒಂದು ಉದ್ದ ಕಸದ ಸಾಲು ನಿಧಾನವಾಗಿ ತಿರುವು ದಾಟಿ ಬರುತ್ತಿತ್ತು. ಅದರ ಹಿಂದೆ ಹೊಳೆಯ ಬಣ್ಣ ಬೇರೆ. ಚಹಾದ ಬಣ್ಣ. ಶಬ್ದ ಇರಲಿಲ್ಲ. ಅದೇ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು, ಶಬ್ದ ಇಲ್ಲದೆ ಬಂದದ್ದು.

ನಾನು ಏನು ಕೂಗಿದೆ ಎಂದು ನನಗೆ ನೆನಪಿಲ್ಲ. "ಅಕ್ಕ ತುಳುವಿನಲ್ಲಿ ಬೈದ್ರು" ಎಂದು ಬಾಬಣ್ಣನ ಜನ ಹೇಳುತ್ತಾರೆ. ಇರಬಹುದು. ಬೈಗುಳ ಬೇಗ ಮುಟ್ಟುತ್ತದೆ. ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಮೆಟ್ಟಿಲಿಗೆ ಓಡಿದರು. ಬಾಬಣ್ಣ ಕೊನೆಯವರು. ಮೆಟ್ಟಿಲ ತನಕ ಬಂದವರು ಹಿಂದೆ ತಿರುಗಿ ಹಾರೆ ತರಲು ಹೋದರು. ಹಾರೆ ಅವರ ಸ್ವಂತದ್ದು.

ನೀರು ಅವರ ಮೊಣಕಾಲಿಗೆ ಬಂದದ್ದನ್ನು ನೋಡಿದೆ. ಸೊಂಟಕ್ಕೆ ಬಂದದ್ದನ್ನು ನೋಡಿದೆ. ಆಮೇಲೆ ಅವರು ಕಾಣಲಿಲ್ಲ. ಬೆಲ್ಟು ಬಿಚ್ಚಲು ನನ್ನ ಕೈ ಬರಲಿಲ್ಲ. ಕಿಂಡಿಯ ಕಂಬದಲ್ಲಿ ಹಲಗೆ ಎತ್ತುವ ಹಗ್ಗ ಕಟ್ಟುವ ಕಬ್ಬಿಣದ ಬಳೆ ಉಂಟು. ಆ ಬಳೆಯಲ್ಲಿ ಒಂದು ಕೈ ಕಂಡಿತು. ಕೈ ಮಾತ್ರ. ಆಮೇಲೆ ತಲೆ. ದಂಡೆ ಹತ್ತಿದವರು ಹಗ್ಗ ಎಸೆದರು, ಮೊದಲನೆಯದು ತಪ್ಪಿತು, ಮತ್ತೆ ಎಸೆದರು, ಅದೂ ತಪ್ಪಿತು, ಮತ್ತೆ ಎಸೆದರು. ಹಿಡಿದರು. ಎಳೆದರು.

ನಾನು ಕಂಬ ಇಳಿದು ಬರುವಾಗ ಬಾಬಣ್ಣ ದಂಡೆಯಲ್ಲಿ ಮೊಣಕಾಲು ಮಡಚಿ ಕುಳಿತು ಕೆಮ್ಮುತ್ತಿದ್ದರು. ಹಾರೆ ಹೋಗಿತ್ತು. ಸೊಂಟಕ್ಕೆ ಸುತ್ತಿದ್ದ ಒಂದೇ ಬಟ್ಟೆ, ಆ ಬೈರಾಸೂ ಹೊಳೆಯ ಪಾಲಾಗಿತ್ತು. ಯಾರೋ ಒಂದು ಗೋಣಿ ಹೊದೆಸಿದ್ದರು. ನನ್ನನ್ನು ಕಂಡು ಅವರೇ ಕೇಳಿದರು:

"ಅಕ್ಕ, ನೀವು ಮೇಲಿನಿಂದ ಎಲ್ಲ ನೋಡಿದ್ರಾ?"

"ನಾನು ನೀರು ಮಾತ್ರ ನೋಡಿದ್ದು ಬಾಬಣ್ಣ."

"ಹಾಗಾದ್ರೆ ಅಡ್ಡಿಲ್ಲ" ಎಂದು ಮತ್ತೆ ಕೆಮ್ಮಿದರು.

ವಿಚಾರಣೆಗೆ ಹೆಬ್ಬಾರ್ ಸರ್ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿದರು. ಸುದ್ದಿ ಮುಟ್ಟಲಿಲ್ಲವೇ? ಮುಟ್ಟಿತು. ಉತ್ತರ ಕೊಡಲಿಲ್ಲವೇ? ಕೊಟ್ಟೆವು. ಏನೆಂದು? ಆಯ್ತು ಎಂದು. ಮೂವರ ಬಾಯಲ್ಲೂ ಅದೇ ಶಬ್ದ. ಯಂತ್ರದಲ್ಲಿ ಹುಡುಕಲು ಏನೂ ಇರಲಿಲ್ಲ.

"ಇನ್ನು ವೈರ್‌ಲೆಸ್ಸಿನಲ್ಲಿ ಆಯ್ತು ಅಂತ ಯಾರೂ ಹೇಳ್ಬಾರ್ದು" ಎಂದರು ಕೊನೆಗೆ. "ಗೊತ್ತಾಯ್ತಾ?"

"ಆಯ್ತು ಸರ್" ಎಂದರು ಮೂವರೂ.

ನಾಲಗೆಗೆ ಹತ್ತಿದ ಶಬ್ದ, ಅಷ್ಟು ಸುಲಭದಲ್ಲಿ ಬಿಡುತ್ತದೆಯೇ? ಮೊದಲ ವಾರ ಕುಶಾಲಪ್ಪನವರು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ "ಆತ್" ಎಂದರು. ಅದೂ ಅದೇ ಎಂದು ಸರ್ ಅದನ್ನೂ ನಿಲ್ಲಿಸಿದರು. ಮತ್ತೊಮ್ಮೆ ಎಲ್ಲರೂ ಕೂಡಿದ್ದಾಗ ವಾಮನಣ್ಣ ಒಂದು ಮಾತು ತೆಗೆದರು.

"ಸರ್, ತುಳುವಿನಲ್ಲಿ ಈ ರಗಳೆ ಇಲ್ಲ. ಕೇಳಿತು, ಮಾಡ್ತೇನೆ ಅಂತಾದ್ರೆ 'ಆವು'. ಮಾಡಿ ಮುಗಿಯಿತು ಅಂತಾದ್ರೆ 'ಆಂಡ್'. ಎರಡು ಬೇರೆ ಬೇರೆ."

ಸರ್ ನನ್ನ ಮುಖ ನೋಡಿದರು. ನಾವಿಬ್ಬರೂ ದಿನಾ ಆಡುವ ಭಾಷೆ. ಯಾರಿಗೂ ಹೊಳೆದಿರಲಿಲ್ಲ.

"ನಾನು ಅರೆಭಾಷೆಯವ. ನಾನೆಂತ ಮಾಡುದು?" ಎಂದು ಕುಶಾಲಪ್ಪನವರು ತಮಾಷೆಗೆ ತಕರಾರು ತೆಗೆದರು.

"ನೀವು ಅರ್ಧ ಹೇಳಿ ಗೌಡ್ರೆ, ಉಳಿದರ್ಧ ನಾವು ಊಹೆ ಮಾಡ್ತೇವೆ" ಎಂದರು ಬಾಬಣ್ಣ.

ಗೌಡರು, "ಊಹೆ ಮಾಡಿಯೇ ನಿನ್ನ ಬೈರಾಸು ಹೋದದ್ದು" ಎಂದರು.

ಹಾಗೆ ನಿಯಮ ಹುಟ್ಟಿತು. ಸುದ್ದಿ ಕೇಳಿದ ಕೂಡಲೇ ನಂಬರು ಹೇಳಿ ಆವು. ಆವು ಬಂದರೂ ಮೇಲಿನವರು ಸುಮ್ಮನಾಗಬಾರದು, ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳುತ್ತಲೇ ಇರಬೇಕು. ಜನ ದಂಡೆಗೆ ಬಂದ ಮೇಲೆ ತಲೆ ಎಣಿಸಿ, ನಂಬರು ಹೇಳಿ, ಎಷ್ಟು ಜನ ಎಂದು ಹೇಳಿ, ಆಂಡ್. ಆಗ ಮಾತ್ರ ಮೇಲಿನವರಿಗೆ ಬಿಡುಗಡೆ. ಗೊರಗೊರದಲ್ಲಿ ಆವು ಮತ್ತು ಆಂಡ್ ಒಂದೇ ಹಾಗೆ ಕೇಳಬಹುದು ಎಂದೇ ಸರ್ ಜನರ ಲೆಕ್ಕವನ್ನು ಸೇರಿಸಿದ್ದು. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಮೇಲಿನ ಕಚೇರಿಗೂ ಕಳಿಸಿದರು. ಆ ಎರಡು ಶಬ್ದಗಳನ್ನು ಮಾತ್ರ ಹಾಗೆಯೇ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಸಿದರು.

ವರ್ಷಗಳು ಹೋದವು. ಹೆಬ್ಬಾರ್ ಸರ್, ವಾಮನಣ್ಣ, ಕುಶಾಲಪ್ಪನವರು ಒಬ್ಬೊಬ್ಬರಾಗಿ ನಿವೃತ್ತರಾದರು. ಮನುಷ್ಯರ ಬದಲು ಪೆಟ್ಟಿಗೆ ಬಂತು. ಮೇಲಿನ ಪೆಟ್ಟಿಗೆ ತಾನೇ ನೀರು ಅಳೆದು, ಸುದ್ದಿಯನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಕಳಿಸುತ್ತದೆ. ಉತ್ತರ ಬಾರದ ಪೊಟ್ಟಣವನ್ನು ಮತ್ತೆ ಕಳಿಸುತ್ತದೆ. ಎರಡು ಆಂಟೆನಾದಲ್ಲಿ ಯಾವುದು ಚೆನ್ನಾಗಿ ಕೇಳುತ್ತದೋ ಅದನ್ನು ತಾನೇ ಆರಿಸುತ್ತದೆ. ಇದನ್ನು ಕೂರಿಸಲು ಬಂದವಳು ಅಶ್ವಿನಿ ಎಂಬ ಎಂಜಿನಿಯರು, ಗದಗ ಕಡೆಯವಳು. ನನ್ನ ಕೆಲಸದ ಕೊನೆಯ ಬೇಸಿಗೆ ಅದು. ಅವಳು ಒಂದು ದಿನ ಹಳೆಯ ಟೈಪು ಮಾಡಿದ ಹಾಳೆ ಹಿಡಿದುಕೊಂಡು ಬಂದಳು.

"ಮೇಡಂ, ಈ ಎ-ವಿ-ಯು ಅಂದ್ರ ಏನ್ರಿ? ಯಾವ ಪುಸ್ತಕದಾಗೂ ಸಿಗವಲ್ದು. ಮತ್ತ ಇಲ್ಲೊಂದು ಆಂಡ್ ಅಂತ ಐತಿ. ಆಂಡ್ ಗೇಟ್ ಇರಬೇಕು ಅಂತ ಸರ್ಕ್ಯೂಟ್ ತುಂಬ ಹುಡುಕೀನ್ರಿ. ಎಲ್ಲೂ ಗೇಟ್ ಇಲ್ಲ."

ಬಾಬಣ್ಣ ಅಲ್ಲೇ ಕುಳಿತಿದ್ದರು. ಈಗ ಅವರು ಹೊಳೆಗೆ ಇಳಿಯುವುದಿಲ್ಲ, ದಂಡೆಯಿಂದ ಹೇಳುತ್ತಾರೆ. "ಗೇಟ್ ಇಲ್ಲದೆ ಎಂತ ಮೇಡಂ? ಹೊಳೆಯಲ್ಲಿ ಉಂಟು ನೋಡಿ, ಸಾಲಾಗಿ. ಅದರಲ್ಲೇ ನಾನು ಸಿಕ್ಕಿಬಿದ್ದದ್ದು."

ನಾನು ಇಡೀ ಕತೆ ಹೇಳಿದೆ. ಅಶ್ವಿನಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಂದ್ರ ಪೆಟಿಗಿ ಕೊಡೂದು ಬರೇ ಆವು. ಆಂಡ್ ಅನ್ನೂದು ಮನಷ್ಯಾರೇ ಹೇಳಬೇಕು" ಎಂದಳು. ಮರುದಿನ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ದೀಪ ಮಾಡಿಸಿದಳು. ಸುದ್ದಿ ಮುಟ್ಟಿದರೆ ತಾನಾಗಿ ಹೊತ್ತುವ ಹಳದಿ, ಗುಂಡಿ ಒತ್ತಿದರೆ ಮಾತ್ರ ಹೊತ್ತುವ ಹಸಿರು. ಹಸಿರು ಹೊತ್ತುವವರೆಗೆ ಮೇಲಿನ ಪೆಟ್ಟಿಗೆ ಹೇಳುತ್ತಲೇ ಇರುತ್ತದೆ, ಕೆಳಗಿನದು ಕೂಗುತ್ತಲೇ ಇರುತ್ತದೆ. ಹಳದಿಯ ಕೆಳಗೆ ಆವು, ಹಸಿರಿನ ಕೆಳಗೆ ಆಂಡ್ ಎಂದು ಕನ್ನಡ ಅಕ್ಷರದಲ್ಲಿ ಬರೆದಳು. ಗುಂಡಿಯ ಅಧಿಕಾರ ಬಾಬಣ್ಣನಿಗೆ ಕೊಟ್ಟೆವು.

ಅದೇ ಮೇ ಕೊನೆಯಲ್ಲಿ ಹಲಗೆ ಎತ್ತುವಾಗ ಪೆಟ್ಟಿಗೆ ಕೂಗಿತು. ಹಳದಿ ಹೊತ್ತಿತು. ನಾನು ಕೆಳಗಿನ ಮೆಟ್ಟಿಲಲ್ಲಿ, ಅಣೆಕಟ್ಟಿನಲ್ಲೂ ಇದ್ದ ನೀರಳೆಯುವ ಪಟ್ಟಿಯ ಕೆಸರು ಉಜ್ಜುತ್ತಿದ್ದೆ. ಕೆಲಸದವರೆಲ್ಲ ನನ್ನನ್ನು ದಾಟಿ ಮೇಲೆ ಹೋದರು. ನಾನೇ ನಿಂತು ಒಬ್ಬೊಬ್ಬರನ್ನೂ ಎಣಿಸಿ ಕಳಿಸಿದೆ. ಎಲ್ಲರೂ ಹೋದರು. ನಾನು ಹೊಳೆಯ ತಿರುವಿನ ಕಡೆ ನೋಡುತ್ತಾ ನಿಂತೆ. ಅಷ್ಟು ವರ್ಷಗಳ ಮೇಲೆ ಆ ಕಸದ ಸಾಲನ್ನು ಕೆಳಗಿನಿಂದ ಒಮ್ಮೆ ನೋಡುವ ಆಸೆಯೋ, ಹೆದರಿಕೆಯೋ, ನಿಜವಾಗಿ ಯಾವುದೆಂದು ಹೇಳಲಾರೆ.

"ಅಕ್ಕ, ಮೇಲೆ ಬನ್ನಿ" ಎಂದರು ಬಾಬಣ್ಣ.

"ಆಯ್ತು" ಎಂದೆ.

ಪೆಟ್ಟಿಗೆ ಕೂಗುತ್ತಲೇ ಇತ್ತು. ಮೇಲೆ ಅಶ್ವಿನಿಯ ದನಿ ಕೇಳಿತು. "ಎಲ್ಲಾರೂ ಬಂದ್ರಲ್ರೀ ಬಾಬಣ್ಣ, ಒತ್ತಿಬಿಡ್ರಿ. ಪುತ್ತೂರಿಂದ ಒಂದೇ ಸವನೆ ಫೋನ್ ಮಾಡಾಕತ್ತಾರ."

ಬಾಬಣ್ಣ ಒತ್ತಲಿಲ್ಲ. ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ದಂಡೆಯಿಂದ ಬಗ್ಗಿ ನನ್ನನ್ನೇ ನೋಡುತ್ತಿದ್ದರು.

"ಯಾವ ಆಯ್ತು ಅಕ್ಕ?"

ನಾನು ಬ್ರಷ್ಷು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಮೇಲೆ ಬಂದ ಮೇಲೂ ಅವರು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು, ಎರಡೂ ಒಣ ನೆಲದ ಮೇಲೆ ಇವೆಯೇ ಎಂದು. ಆಮೇಲೆ ಗುಂಡಿ ಒತ್ತಿದರು.

"ಆಂಡ್" ಎಂದರು.

ಕೊಲ್ಲಮೊಗ್ರುವಿನ ಪೆಟ್ಟಿಗೆ ಸುಮ್ಮನಾಯಿತು.